ಆಧಾರ ಷಡ್ಜವೂ ಸರಿಯುವ ಕಾರ್ಡೂ

ಭಜನೆಯ ಹಾಡಿಗೆ ಕಾರ್ಡ್ ಕೂಡಿಸಿದಾಗ ಮೊದಲು ಅಲುಗುವುದು ಆಧಾರ ಷಡ್ಜ. ಏಕತಾರಿ ಹಿಡಿದು ಹಾಡುವವರಿಗೆ ಸಾ ಎಂಬುದು ಹಾಡಿಗೂ ಮುಂಚೆ ಇರುತ್ತದೆ. ಉಳಿದ ಸ್ವರಗಳು ಅದರಿಂದ ಹೊರಟು ಅಲ್ಲಿಗೇ ಬಂದು ಸೇರುತ್ತವೆ. ಕಾರ್ಡ್‌ಗಳ ಸರಣಿಯಲ್ಲಿ ಮೂರು ಮೂರು ಸ್ವರಗಳ ಗುಂಪು ಬದಲಾಗುತ್ತ ಹೋಗಿ ತಳವೇ ಸರಿಯುತ್ತದೆ. ನೆಲೆ ಸರಿದರೆ ಆ ನೆಲೆಯಲ್ಲಿ ನಿಲ್ಲಿಸಿಕೊಂಡ ದೈವವೂ ಸರಿದಂತಾಯಿತೇ?

ಹುಮನಾಬಾದ್–ಜಹೀರಾಬಾದ್ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಕಡೆಯ ಆಧಾರವಿದೆ. ಒಂದು, ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಹುಟ್ಟಿದ ವಚನ. ಇನ್ನೊಂದು, ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳ (1817–1865) ಪದ. ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯ ಅವರದು. ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದರು.

ವಚನಕಾರ ಶರಣರ ಸ್ಥಾವರ (ನಿಂತದ್ದು)–ಜಂಗಮ (ಚಲಿಸುವುದು) ವಿಚಾರವನ್ನು ಇಲ್ಲಿಗೆ ತಂದು, ಶ್ರುತಿ ಸ್ಥಾವರ, ಕಾರ್ಡ್ ಜಂಗಮ ಎಂದು ತೀರ್ಪು ಕೊಡುವ ಆಸೆ ಯಾರಿಗಾದರೂ ಆದೀತು. ಆ ಜೋಡಣೆ ಸಡಿಲವಾದದ್ದು. ಶರಣರ ಜಂಗಮ ಬರಿಯ ಚಲನೆಯಲ್ಲ, ಅರಿವುಳ್ಳ ಚೈತನ್ಯ. ನಾಲ್ಕೇ ಕಾರ್ಡ್ ತಿರುತಿರುಗಿ ಬರುವ ಸರಣಿಯೂ ಚಲಿಸುತ್ತದೆ. ಅದರಷ್ಟು ಜಡವಾದದ್ದು ಸಂಗೀತದಲ್ಲಿ ಕಡಿಮೆ.

ಸ್ವರಗಳನ್ನೇ ನೋಡಿದರೆ ವಿಷಯ ಹೆಚ್ಚು ತಿಳಿಯಾಗುತ್ತದೆ. ಪೇಟಿಯಲ್ಲಿ (ಹಾರ್ಮೋನಿಯಂನಲ್ಲಿ) ಬಿಳಿ ಒಂದನ್ನು ಸಾ ಮಾಡಿಕೊಂಡರೆ ಮೊದಲ ಕಾರ್ಡ್ ಸಾ–ಗ–ಪ. ಮಧ್ಯಮದ ಕಾರ್ಡ್ ಮ–ಧ–ಸಾ. ಅದರಲ್ಲಿ ಸಾ ಇದೆ, ಆದರೆ ಬುಡದಲ್ಲಿಲ್ಲ, ಮಧ್ಯಮದ ಪಂಚಮವಾಗಿ ಮೇಲೆ ಕೂತಿದೆ. ಧ–ಸಾ–ಗ ಎಂಬಲ್ಲಿ ಅದೇ ಸಾ ನಡುವಿನ ಸ್ವರ. ಸಾ ಒಂದೆಳೆಯೂ ಜರುಗಿಲ್ಲ, ಅದರ ಸಂಬಂಧ ಮಾತ್ರ ಬೇರೆಯಾಗಿದೆ. ಬ್ರಹ್ಮ ಬದಲಾಗದು, ಉಪಾಧಿ ಬದಲಾಗುತ್ತದೆ ಎನ್ನುವ ಅದ್ವೈತಿಗೆ ಇದರಲ್ಲಿ ತಕರಾರಿಗೆ ಎಡೆಯಿಲ್ಲ. ತೊಡಕು ಇರುವುದು ಪ–ನಿ–ರಿ ಕಾರ್ಡಿನಲ್ಲಿ: ಅಲ್ಲಿ ಸಾ ಇಲ್ಲವೇ ಇಲ್ಲ, ಜೊತೆಗೆ ಅದರ ನಿಷಾದ ಶ್ರುತಿಯ ಷಡ್ಜಕ್ಕೆ ಅರ್ಧ ಸ್ವರದಲ್ಲಿ ತಾಗಿ ಕರಕರ ಎನ್ನುತ್ತದೆ.

ರಾಗದ ಕಟ್ಟಳೆ ಇನ್ನೂ ಬಿಗಿ. ಭೂಪ ರಾಗಕ್ಕೆ ಸಾ ರಿ ಗ ಪ ಧ ಐದೇ ಸ್ವರ. ಮಧ್ಯಮದ ಕಾರ್ಡ್ ಹಿಡಿದರೆ ರಾಗದಲ್ಲಿಲ್ಲದ ಮ ಒಳಬರುತ್ತದೆ, ಪಂಚಮದ ಕಾರ್ಡ್ ಹಿಡಿದರೆ ನಿ. ರಾಗದೊಳಗೇ ಸಿಗುವ ಮೂರು ಸ್ವರದ ಕಾರ್ಡ್ ಎರಡೇ: ಸಾ–ಗ–ಪ, ಧ–ಸಾ–ಗ. ಎರಡರಲ್ಲೂ ಸಾ, ಗ ಸಮಾನ. ಪ ಹೋಗಿ ಧ ಬರುತ್ತದೆ, ಅಷ್ಟೇ. ಮೊದಲಿಗೆ ಈ ಎರಡೇ ಕಾರ್ಡ್ ಬಡತನವೆನಿಸಬಹುದು, ಆದರೆ ತಂಬೂರಿ ನಿಲ್ಲಿಸದೆ ನುಡಿಸಬಹುದಾದವು ಇವೇ. ಪೇಟಿಯ ಮೇಲೆಯೇ ಒಂದು ಕಾಲಕ್ಕೆ ಅನುಮಾನವಿತ್ತು: ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1970ರ ದಶಕದಲ್ಲಷ್ಟೇ ಭಾಗಶಃ ಒಳಬಿಟ್ಟಿತು. ಭಜನೆಯವರು ಆ ಅನುಮತಿಗೆ ಕಾಯಲಿಲ್ಲ.

ಕಾರ್ಡ್ ಯಾವಾಗ ಬದಲಿಸಬೇಕು ಎಂಬುದು ಪದಕ್ಕೂ ವಚನಕ್ಕೂ ಒಂದೇ ಅಲ್ಲ. ಪದಕ್ಕೆ ಪಲ್ಲವಿ, ತಾಳ ಇರುವುದರಿಂದ ಆವರ್ತದ ಲೆಕ್ಕದಲ್ಲಿ ಬದಲಿಸಿ ಪಲ್ಲವಿಗೆ ಸಾ–ಗ–ಪ ತಂದರೆ ಸಾಕು. ವಚನಕ್ಕೆ ಸಮನಾದ ಸಾಲುಗಳಿಲ್ಲ. ತಾಳಮಾನದ ಲೆಕ್ಕ ತನಗೆ ತಿಳಿಯದೆಂದು ಬಸವಣ್ಣನೇ ಒಂದು ವಚನದಲ್ಲಿ ಹೇಳಿಕೊಂಡಿದ್ದಾನೆ. ನಾಲ್ಕು ಆವರ್ತದ ಅಚ್ಚಿನಲ್ಲಿ ವಚನವನ್ನು ತುಂಬಿದರೆ ಮಾತು ಮುರಿಯುತ್ತದೆ. ಅರ್ಥ ಹೊರಳುವವರೆಗೆ ಒಂದೇ ಕಾರ್ಡ್ ಹಿಡಿದಿದ್ದು, ಪ್ರಶ್ನೆ ಅಥವಾ ನಿರಾಕರಣೆ ಬರುವಲ್ಲಿ ಧೈವತಕ್ಕೆ ಸರಿದು, ಕೂಡಲಸಂಗಮದೇವ ಎಂಬ ಅಂಕಿತಕ್ಕೆ ಷಡ್ಜದ ಕಾರ್ಡಿಗೆ ಮರಳುವುದು ಹೊಂದುವ ಕ್ರಮ. ಅಲ್ಲಮನ ಬೆಡಗಿನ ವಚನಗಳಲ್ಲಿ ಒಗಟು ಅಂಕಿತದ ನಂತರವೂ ಬಿಡಿಸಿಕೊಳ್ಳದ ಕಾರಣ, ಗುಹೇಶ್ವರಾ ಎಂಬಲ್ಲಿ ಧ–ಸಾ–ಗ ಕಾರ್ಡಿನಲ್ಲೇ ನಿಲ್ಲಿಸುವುದೂ ತಪ್ಪಲ್ಲ.