ರಾಜಬೀದಿ ಸೊಟ್ಟಗಾದ ಕಥೆ

ಬೇಸಿಗೆ ರಜೆಗೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗ ಒಂದು ರಾಜಧಾನಿ ಕಟ್ಟಲು ಕೂತಿದ್ದ. ಊಟದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ. ಅದು ಫ್ಯಾನಿನ ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೆ ನನ್ನ ಸಾಸಿವೆ ಡಬ್ಬಿ, ಉಪ್ಪಿನಕಾಯಿ ಭರಣಿ, ಅವರ ತಾತನ ಕನ್ನಡಕದ ಪೆಟ್ಟಿಗೆ, ಒಂದು ತೆಂಗಿನಕಾಯಿ.

"ಏನೋ ಇದು?" ಎಂದೆ.

"ದೋರಸಮುದ್ರ ಅಜ್ಜಿ. 1311ರಲ್ಲಿ ಮಲಿಕ್ ಕಾಫರ್ ಬರಲೇ ಇಲ್ಲ ಅಂತ ಇಟ್ಕೋ. ಹೊಯ್ಸಳರು ಸೋಲಲೇ ಇಲ್ಲ. ಆಗ ನಮ್ಮ ರಾಜಧಾನಿ ಬೆಂಗಳೂರಲ್ಲ, ಹಾಸನದ ಹತ್ತಿರಾನೇ ಇರ್ತಿತ್ತು. ಅದರ ಪ್ಲಾನು."

ನನಗೆ ನಗು ಬಂತು. ನಾವು ಹೆಂಗಸರು ಒಲೆಯ ಮುಂದೆ ನಿಂತು ಆಡುವ ಆಟವನ್ನೇ ಈ ಹುಡುಗ ಹಾಳೆಯ ಮೇಲೆ ಆಡುತ್ತಿದ್ದ. ಓದು ಬಿಡಿಸದೇ ಇದ್ದಿದ್ದರೆ, ಆ ಇನ್ನೊಂದು ಸಂಬಂಧ ಕುದುರಿದ್ದಿದ್ದರೆ ಎಂದು ಸಾರು ಕುದಿಯುವಷ್ಟು ಹೊತ್ತಿನಲ್ಲಿ ನಾವು ಎಷ್ಟು ಬದುಕುಗಳನ್ನು ಕಟ್ಟಿ ಕೆಡವಿಲ್ಲ! ಇವನು ಒಂದು ರಾಜ್ಯವನ್ನೇ ಹಾಗೆ ಕಟ್ಟುತ್ತಿದ್ದಾನೆ, ಅಷ್ಟೆ.

ನಿಜವಾದ ದೋರಸಮುದ್ರದ ಕಥೆ ನಿಮಗೂ ಗೊತ್ತು. ದೊಡ್ಡ ಕೆರೆಯ ದಡದಲ್ಲಿ ಬೆಳೆದ ಊರು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಎದ್ದ ಹೊಯ್ಸಳೇಶ್ವರ ದೇವಾಲಯ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರನೆಯ ಬಲ್ಲಾಳ 1343ರಲ್ಲಿ ದೂರದ ತಮಿಳು ನಾಡಿನಲ್ಲಿ ಪ್ರಾಣ ಬಿಟ್ಟ. ರಾಜಧಾನಿಗೆ ಉಳಿದದ್ದು 'ಹಳೇಬೀಡು' ಎಂಬ ಹೆಸರು. ಬಿಟ್ಟುಹೋದ ಮನೆಯನ್ನು 'ಹಳೇ ಮನೆ' ಎನ್ನುತ್ತೇವಲ್ಲ, ಹಾಗೆ.

ಮೊಮ್ಮಗನಿಗೆ ಆ ಜಾಗ ಸಾಲಲಿಲ್ಲ. "ರಾಜಧಾನಿ ಅಂದ್ಮೇಲೆ ಪಕ್ಕದಲ್ಲಿ ಹೊಳೆ ಬೇಕಲ್ಲ ಅಜ್ಜಿ?" ಎಂದು ಇಡೀ ಪಟ್ಟಣವನ್ನೇ ಎತ್ತಿಕೊಂಡು ಹೋಗಿ ಹೇಮಾವತಿಯ ದಡದಲ್ಲಿ, ಗೊರೂರಿನ ಮೇಲ್ಭಾಗದಲ್ಲಿ ಇಟ್ಟಿದ್ದ. ಕೋಟೆ, ಅರಮನೆ, ಆನೆಲಾಯ, ಹೊಯ್ಸಳರ ಮೆಟ್ರೊ ರೈಲು ಎಲ್ಲ ಇತ್ತು. ಅರಮನೆಯಿಂದ ಹೊಳೆಯವರೆಗೆ ಸ್ಕೇಲು ಹಿಡಿದು ಎಳೆದ ರಾಜಬೀದಿ.

"ಹಿಟ್ಟಿನ ಗಿರಣಿ ಎಲ್ಲೋ? ಬಟ್ಟೆ ಒಗೆಯೋರು ಎಲ್ಲಿಗೆ ಹೋಗ್ಬೇಕು? ನಿನ್ನ ಅರಮನೆ ಬಚ್ಚಲ ನೀರು ಯಾರ ಮನೆ ಮುಂದೆ ಹರಿಯುತ್ತೆ?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು ಒಂದು ಗಿರಣಿ ಬರೆದ. ಅಷ್ಟರಲ್ಲಿ ನನ್ನ ಕಣ್ಣು ರಾಜಬೀದಿಯ ನಡುಮಧ್ಯಕ್ಕೆ ಬಿತ್ತು.

"ಇಲ್ಲಿ ಮೊದಲು ಏನಿತ್ತು?"

"ಏನೂ ಇಲ್ಲ. ಮ್ಯಾಪಲ್ಲಿ ನೋಡ್ದೆ, ಈಗ ಬರೀ ನೀರಿದೆ. ಅಣೆಕಟ್ಟು ಇಲ್ಲ ಅಂದ್ಕೊಂಡ್ರೆ ಖಾಲಿ ಜಾಗ."

ನೀರು ತೆಗೆದರೆ ಅಲ್ಲಿ ಕಾಣುವುದು ಶೆಟ್ಟಿಹಳ್ಳಿ. ಅದರಾಚೆ, ಹೊಳೆಯ ದಡದಲ್ಲೇ, ನನ್ನ ದೊಡ್ಡಮ್ಮನನ್ನು ಕೊಟ್ಟಿದ್ದ ಊರು.

ಗೊರೂರಿನ ಹತ್ತಿರ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ತುಂಬಿದಾಗ ಅದು ಹರಡುವ ಜಾಗ ಎಂಟು ಸಾವಿರ ಹೆಕ್ಟೇರಿಗೂ ಹೆಚ್ಚು. ಅಷ್ಟು ನೆಲದ ಮೇಲೆ ಊರುಗಳಿದ್ದವು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಇತ್ತು. ಜನ ಹೋದರು, ಚರ್ಚು ಹೋಗಲಾರದೆ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ನೋಡಲು ಬರುವವರಿಗೆ ಅದೊಂದು ಚೆಂದದ ಫೋಟೊ.

ದೊಡ್ಡಮ್ಮನ ಮನೆ ಹೆಂಚಿನದು, ಚರ್ಚಿನ ಹಾಗೆ ನಿಲ್ಲುವಂಥದ್ದಲ್ಲ. ಹೊರಡುವಾಗ ತೊಲೆ, ಬಾಗಿಲು, ಹೆಂಚು ಬಿಚ್ಚಿ ಗಾಡಿಗೆ ಹಾಕಿಕೊಂಡರಂತೆ. ಒರಳುಕಲ್ಲು ಬಂತು, ತುಳಸಿಕಟ್ಟೆಯ ಮಣ್ಣು ಒಂದು ಬುಟ್ಟಿ ಬಂತು. ಬಾವಿ ಬರಲಿಲ್ಲ. ಬೇಲಿಯ ಮೇಲಿಂದಲೇ ಮಜ್ಜಿಗೆ, ಕರಿಬೇವು ಕೊಟ್ಟು ತೆಗೆದುಕೊಳ್ಳುತ್ತಿದ್ದ ನೆರೆಮನೆಯ ಗೆಳತಿ ಇನ್ನೊಂದು ಕಡೆಗೆ ಹೋದರು. ಹೊಸ ಊರಿನ ಬೀದಿಗಳೂ ಸ್ಕೇಲು ಹಿಡಿದು ಎಳೆದಂತೆ ನೇರವಾಗಿದ್ದವು. "ಬೀದಿ ಚೆನ್ನಾಗೈತೆ, ಯಾರ ಮನೆ ಮುಂದೆ ಕೂತ್ಕೋಬೇಕು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದರು ದೊಡ್ಡಮ್ಮ.

ಇಷ್ಟೇ ಆಗಿದ್ದರೆ ಇದನ್ನು ನಾನು ಕಣ್ಣೀರಿನ ಕಥೆಯಾಗಿ ಬರೆದು ಮುಗಿಸಬಹುದಿತ್ತು. ಆದರೆ ನನ್ನನ್ನು ಕೊಟ್ಟದ್ದು ತುರುವೇಕೆರೆಯ ಕಡೆಗೆ. ಹೇಮಾವತಿಯ ನಾಲೆ ನಮ್ಮ ಮಾವನವರ ಜಮೀನಿನ ಹತ್ತಿರ ಹಾದುಹೋಯಿತು. ರಾಗಿ ಹೊಲವಿದ್ದಲ್ಲಿ ತೆಂಗು ಎದ್ದಿತು. ಆ ತೆಂಗಿನ ದುಡ್ಡಿನಲ್ಲಿ ನನ್ನ ಮಗಳು ಇಂಜಿನಿಯರಿಂಗ್ ಓದಿದಳು. ಹಾಳೆಯ ಮೂಲೆಯಲ್ಲಿ ಭಾರಕ್ಕಿಟ್ಟಿದ್ದ ತೆಂಗಿನಕಾಯಿಯೂ ಆ ತೋಟದ್ದೇ. ನಾವು ತುಮಕೂರಿಗೆ ಬಂದು ನೆಲೆಸಿದ ಮೇಲೆ ನಲ್ಲಿಯಲ್ಲಿ ಬಂದದ್ದೂ ಹೇಮಾವತಿ ನೀರೇ.

ಒಮ್ಮೆ ದೊಡ್ಡಮ್ಮ ನಮ್ಮ ಮನೆಗೆ ಬಂದಿದ್ದರು. ಒಂದು ಲೋಟ ನೀರು ಕೊಟ್ಟೆ. ಯಾವ ನೀರು ಎಂದು ಕೇಳಿದರು, ಹೇಳಿದೆ. ನಿಧಾನವಾಗಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ನಮ್ಮ ಹಿತ್ತಿಲ ನೀರು ಕಣೇ" ಎಂದು ನಕ್ಕರು. ನಾನೂ ನಗಬೇಕೋ ಬೇಡವೋ ತಿಳಿಯದೆ ಲೋಟ ತೆಗೆದುಕೊಂಡು ಒಳಗೆ ಹೋದೆ. ಅವರು ತೀರಿಕೊಳ್ಳುವವರೆಗೂ ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಹತ್ತು ಜನರಿಗೆ ಒಳ್ಳೆಯದಾಗಲು ಒಬ್ಬರ ಮನೆ ಹೋದರೆ ತಪ್ಪೇ? ಲೆಕ್ಕ ಹಾಕಿದರೆ ತಪ್ಪಿಲ್ಲ. ಮೂರು ಜಿಲ್ಲೆಗಳ ಹೊಲಗಳು ಒಂದು ಕಡೆ, ಒಂದಿಷ್ಟು ಊರುಗಳು ಇನ್ನೊಂದು ಕಡೆ. ನನ್ನ ಸಂಕಟವೆಂದರೆ, ಈ ಲೆಕ್ಕವನ್ನು ಯಾವಾಗಲೂ ಪಡೆದುಕೊಳ್ಳುವ ಕಡೆಯವರೇ ಹಾಕುತ್ತಾರೆ. 'ಕೆರೆಗೆ ಹಾರ'ದ ಭಾಗೀರಥಿಯನ್ನು ನೆನೆಸಿಕೊಳ್ಳಿ. ಕೆರೆ ಊರಿಗೆಲ್ಲ ಬೇಕಾಗಿತ್ತು, ನಿಜ. ಆದರೆ ಲೆಕ್ಕ ಹಾಕಿದವರು ಹಿರಿಯರು, ಇಳಿದವಳು ಕಿರಿಸೊಸೆ. ಬೆಂಗಳೂರಿನ ಕೋಟೆ ಬಾಗಿಲಿಗೆ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಪ್ರಾಣ ಕೊಟ್ಟಳೆಂಬ ಐತಿಹ್ಯವೂ ಅದೇ ಮಾತು ಹೇಳುತ್ತದೆ. ನಗರ ಕಟ್ಟಿದವನ ಹೆಸರು ಒಂದಾದರೆ, ಅದರ ತಳಕ್ಕೆ ಹೋದವರ ಹೆಸರು ಇನ್ನೊಂದು. ಆಮೇಲೆ ಅವರಿಗೆ ಗುಡಿ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ. ಮೊದಲೇ ಕೇಳುವುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಹಿಂದೊಮ್ಮೆ ನಾನು ದೊಡ್ಡಮ್ಮನನ್ನು ಕೇಳಿದ್ದೆ, "ಕೇಳಿದ್ದಿದ್ದರೆ ಊರು ಕೊಡ್ತಿದ್ರಾ?" ಎಂದು. "ಕೊಡ್ತಿದ್ವೇನೋ. ಕೇಳ್ಲಿಲ್ವಲ್ಲ, ಹೇಳಿದ್ರು" ಎಂದಿದ್ದರು.

ಹಾಗಾದರೆ ಕೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. ಪಕ್ಕದ ಆಂಧ್ರವನ್ನೇ ನೋಡಿ. 2014ರಲ್ಲಿ ರಾಜ್ಯ ಒಡೆದ ಮೇಲೆ ಕೃಷ್ಣಾ ತೀರದಲ್ಲಿ ಅಮರಾವತಿ ಎಂಬ ಹೊಸ ರಾಜಧಾನಿಯ ನಕ್ಷೆ ಬರೆದರು. ಅಭಿವೃದ್ಧಿ ಮಾಡಿದ ನಿವೇಶನ ವಾಪಸು ಕೊಡುತ್ತೇವೆಂಬ ಮಾತಿನ ಮೇಲೆ ರೈತರಿಂದ ಮೂವತ್ತು ಸಾವಿರ ಎಕರೆಗೂ ಹೆಚ್ಚು ಭೂಮಿ ಬಂತು. 2015ರಲ್ಲಿ ಶಂಕುಸ್ಥಾಪನೆಯಾಯಿತು. 2019ರಲ್ಲಿ ಸರ್ಕಾರ ಬದಲಾಗಿ, ರಾಜಧಾನಿ ಒಂದಲ್ಲ ಮೂರು ಎಂಬ ಮಾತು ಬಂತು. ಉಳುವ ಹೊಲವೂ ಇಲ್ಲ, ನಗರವೂ ಇಲ್ಲ. ಆ ಹಳ್ಳಿಗಳ ಹೆಂಗಸರು ವರ್ಷಗಟ್ಟಲೆ ಧರಣಿ ಕೂತರು, ಪಾದಯಾತ್ರೆಯಲ್ಲಿ ಮುಂದೆ ನಡೆದರು. ಮತ್ತೆ ಸರ್ಕಾರ ಬದಲಾದ 2024ರಲ್ಲಿ ಕೆಲಸ ಪುನಃ ಶುರುವಾಯಿತು. ಕೇಳುವುದು ಒಂದು ಹೆಜ್ಜೆಯಾದರೆ, ಕೊಟ್ಟ ಮಾತಿಗೆ ನಿಲ್ಲುವುದು ಅದಕ್ಕಿಂತ ದೊಡ್ಡ ಹೆಜ್ಜೆ.

ಮರುವಾರ ಮೊಮ್ಮಗನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದೆವು. ನೀರು ಹಿಂದೆ ಸರಿದಿತ್ತು. ಚಾವಣಿಯಿಲ್ಲದ ಚರ್ಚಿನ ಕಮಾನುಗಳ ಕೆಳಗೆ ಒಣಗಿ ಬಿರುಕು ಬಿಟ್ಟ ಮಣ್ಣು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಒಂದು ಜೋಡಿ ಬಂದಿತ್ತು. ನಾನು ನೀರಿನ ಕಡೆ ಕೈತೋರಿಸಿ, "ದೊಡ್ಡಮ್ಮನ ಮನೆ ಆ ಕಡೆ" ಎಂದೆ. ಹುಡುಗ ಬಹಳ ಹೊತ್ತು ಆ ಕಡೆಗೇ ನೋಡಿದ. "ಬಾವಿ ಈಗಲೂ ಇರುತ್ತಾ ಅಜ್ಜಿ, ನೀರಿನ ಒಳಗೆ?" ಎಂದ. ನೀರಿನೊಳಗೆ ಬಾವಿ! ಏನು ಹೇಳಲಿ?

ಮನೆಗೆ ಬಂದವನೇ ರಬ್ಬರು ತೆಗೆದುಕೊಂಡ. ಶೆಟ್ಟಿಹಳ್ಳಿಯನ್ನು ಬರೆದ, ಚರ್ಚು ಬರೆದ. ಹೊಯ್ಸಳರ ರಾಜಧಾನಿಯಲ್ಲಿ ಫ್ರೆಂಚರ ಚರ್ಚು ಹೇಗೆ ಬಂತೆಂದು ಅವನೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡಮ್ಮನ ಊರನ್ನೂ ಬಾವಿಯನ್ನೂ ಬರೆದ. ರಾಜಬೀದಿ ಎರಡು ಕಡೆ ಬಳಸಿಕೊಂಡು ಹೋಗಬೇಕಾಯಿತು. "ಸೊಟ್ಟಗಾಯ್ತು. ಚೆನ್ನಾಗಿ ಕಾಣಲ್ಲ" ಎಂದು ಮುಖ ಊದಿಸಿದ.

"ರಾಜ ಎರಡು ನಿಮಿಷ ತಡವಾಗಿ ಹೊಳೆಗೆ ಹೋಗ್ತಾನೆ ಬಿಡು" ಎಂದೆ.

ಬೀದಿಯನ್ನಾದರೆ ಬಗ್ಗಿಸಬಹುದು. ಅಣೆಕಟ್ಟನ್ನು ಹಾಗೆ ಬಗ್ಗಿಸಲಾಗದು, ನದಿ ಹರಿದಲ್ಲೇ ಅದನ್ನು ಕಟ್ಟಬೇಕು. ಇದು ನನಗೂ ಗೊತ್ತು. ಬಗ್ಗಿಸಬಹುದಾದುದನ್ನು ಬಗ್ಗಿಸದೆ ಹೋದರೆ ಅದು ತಪ್ಪು. ಬಗ್ಗಿಸಲಾಗದೆ ಇದ್ದಲ್ಲಿ ಉಳಿಯುವುದು ಋಣ. ತಪ್ಪಿಗೆ ಕ್ಷಮೆ ಕೇಳಬಹುದು, ಋಣಕ್ಕೆ ಕ್ಷಮೆ ಸಾಲದು. ಅದು ಯಾರದೆಂದು ಹೆಸರು ಹಿಡಿದು ಹೇಳುತ್ತಿರಬೇಕು, ಮಕ್ಕಳಿಗೂ ಗೊತ್ತಿರಬೇಕು, ಇನ್ನೊಂದು ಗೆರೆ ಎಳೆಯುವ ಮೊದಲು ನೆನಪಾಗಬೇಕು.

ಆ ರಾತ್ರಿ ಊಟಕ್ಕೆ ಕೂತಾಗ ಹುಡುಗ ಲೋಟ ಎತ್ತಿ ನೋಡಿ, "ಇದು ದೊಡ್ಡಜ್ಜಿ ಹಿತ್ತಿಲ ನೀರಾ?" ಎಂದ.

"ಹೌದು ಕಂದ" ಎಂದೆ. ದೊಡ್ಡಮ್ಮನಿಗೆ ಕೊಡದೆ ಉಳಿಸಿಕೊಂಡಿದ್ದ ಉತ್ತರ ಅಷ್ಟೇ ಇತ್ತು.