ಜೊತೆಗೆ ಹೋದವರ ಪಾಲು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ಹಿಂದುಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಊರು ಬಿಟ್ಟವನನ್ನು ‘ಇವನು ಇಂಥವರ ಮಗ’ ಎಂದು ಗುರುತು ಹೇಳುವವರು ಇರುವುದಿಲ್ಲ. ಆದ್ದರಿಂದ ಪರದೇಶಕ್ಕೆ ಹೋದವನು ಪರದೇಶಿಯೂ ಆಗುತ್ತಾನೆಂದು ಹಿರಿಯರು ಕಂಡುಕೊಂಡಿದ್ದಿರಬೇಕು.

ಇಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಅಮೆರಿಕೆಗೆ ಹೋಗುವ ತರುಣನಿಗೆ ಈ ಎರಡನೆಯ ಅರ್ಥ ಸಲ್ಲದು. ಅಲ್ಲಿ ಅವನಿಗಾಗಿ ಒಂದು ಮೇಜು, ಒಂದು ಕುರ್ಚಿ, ತಿಂಗಳ ಸಂಬಳ ಕಾದಿರುತ್ತವೆ. ಮೊದಲ ದಿನವೇ ಹತ್ತು ಮಂದಿ ಅವನ ಹೆಸರನ್ನು, ತಪ್ಪಾಗಿಯಾದರೂ, ಕೂಗುತ್ತಾರೆ. ಆದರೆ ಅವನ ಕೈಹಿಡಿದು ಅದೇ ವಿಮಾನದಿಂದ ಇಳಿದವಳ ಮಾತೇನು? ಒಂದೇ ಬಾಗಿಲಿನೊಳಗೆ ಒಬ್ಬರು ಪರದೇಶದಲ್ಲಿಯೂ ಇನ್ನೊಬ್ಬರು ಪರದೇಶಿಯಾಗಿಯೂ ಇರುವುದಾದರೆ, ಮೊದಲನೆಯವರು ಎರಡನೆಯವರಿಗೆ ಸಲ್ಲಿಸಬೇಕಾದುದು ಏನಾದರೂ ಇದೆಯೆ? ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಇಷ್ಟನ್ನೇ.

ವಿಷಯದ ಕಾನೂನಿನ ಮುಖವನ್ನು ಮೊದಲು ನೋಡೋಣ. 1965ರಲ್ಲಿ ಅಮೆರಿಕೆಯು ತನ್ನ ವಲಸೆಯ ಕಾನೂನನ್ನು ಬದಲಿಸಿದ ಮೇಲೆ ನಮ್ಮವರಿಗೆ ಆ ದೇಶದ ಬಾಗಿಲು ಅಗಲವಾಗಿ ತೆರೆಯಿತು. ಇಂದು ಎಲ್ಲರ ಬಾಯಲ್ಲಿರುವ ಎಚ್-1ಬಿ ವೀಸಾ 1990ರ ಕಾನೂನಿನಿಂದ ಬಂದದ್ದು. ಮೊದಲು 3 ವರ್ಷ, ಆಮೇಲೆ ಸಾಮಾನ್ಯವಾಗಿ 6 ವರ್ಷದವರೆಗೆ. ಅದನ್ನು ಪಡೆದವರ ಗಂಡನಿಗೆ ಅಥವಾ ಹೆಂಡತಿಗೆ ಎಚ್-4 ಎಂಬ ವೀಸಾ. ಅದರ ಮೇಲೆ ಹೋದವರು ಅಲ್ಲಿ ವಾಸಮಾಡಬಹುದು, ಓದಬಹುದು. ಅಷ್ಟರಿಂದಲೇ ದುಡಿಯುವ ಹಾಗಿಲ್ಲ. ಸಂಗಾತಿಯ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತವನ್ನು ದಾಟಿದ್ದರೆ ಇವರೂ ದುಡಿಯಲು ಅನುಮತಿ ಕೇಳಬಹುದೆಂಬ ನಿಯಮ 2015ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಆದರೆ ಹೊಸದಾಗಿ ಹೋದ ದಂಪತಿಗಳು ಆ ಹಂತವನ್ನು ಮುಟ್ಟುವುದಕ್ಕೆ ವರ್ಷಗಳೇ ಹಿಡಿಯುವುದುಂಟು. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಪಡೆದವರ ಸಂಗಾತಿ ಹೋದೊಡನೆಯೇ ದುಡಿಯಬಹುದು. ಅಲ್ಲಿ ಭಾಷೆ ಬಾರದೆ ಬಾಯಿ ಕಟ್ಟಿದಂತಾಗುವುದು ಬೇರೆ ಮಾತು. ಅಂತೂ ಜೊತೆಗೆ ಹೋದವರ ಪಾಡು ದೇಶಕ್ಕೊಂದು ಬಗೆ.

ನನ್ನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಒಂದು ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದಳು. ಮದುವೆಯಾಗಿ, ಸಂಬಳವಿಲ್ಲದ 2 ವರ್ಷದ ರಜೆ ಪಡೆದು, ಗಂಡನೊಡನೆ ನ್ಯೂಜೆರ್ಸಿಗೆ ಹೋದಳು. ಒಳ್ಳೆಯ ಹುಡುಗ, ದುಂದಿಲ್ಲ, ದುಶ್ಚಟವಿಲ್ಲ. ಮೊದಲ ತಿಂಗಳು ಸಂಭ್ರಮದಲ್ಲಿ ಕಳೆಯಿತು. ಪಾತ್ರೆ ಕೊಂಡರು, ಹಾಸಿಗೆ ಕೊಂಡರು, ಸೋನಾ ಮಸೂರಿ ಅಕ್ಕಿ ಸಿಗುವ ಅಂಗಡಿಯನ್ನು ಹುಡುಕಿದರು. ಎರಡನೆಯ ತಿಂಗಳಿನಿಂದ ದಿನ ಉದ್ದವಾಗತೊಡಗಿತು. ಅವನು ಎಂಟಕ್ಕೆ ಕಾರು ತೆಗೆದುಕೊಂಡು ಹೊರಟರೆ ಮರಳುವುದು ಸಂಜೆ ಆರರ ಮೇಲೆ. ಅವರಿದ್ದ ಕಡೆ ಕಾರಿಲ್ಲದೆ ಅಂಗಡಿಗೂ ಹೋಗಲಾಗದು. ಬೆಳಿಗ್ಗೆ ತಾಯಿಯೊಡನೆ ಮಾತಾಡುವಳು. ಆದರೆ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡು ಗಂಟೆಯೆಂದರೆ ಮೈಸೂರಿನಲ್ಲಿ ರಾತ್ರಿ ಹನ್ನೆರಡೂವರೆ. ಇಲ್ಲಿಯವರೆಲ್ಲ ಮಲಗಿದ ಮೇಲೆ, ಗಂಡ ಬರುವವರೆಗೆ ಇರುವ ನಾಲ್ಕು ಗಂಟೆಗಳ ಹೊತ್ತು ಅವಳಿಗೆ ಎರಡು ಭೂಖಂಡಗಳಲ್ಲಿಯೂ ಮಾತಾಡಲು ಒಬ್ಬರಿಲ್ಲ. ಅವಳು ನನಗೆ ಬರೆದ ಕಾಗದದಲ್ಲಿ ದೂರೇನೂ ಇರಲಿಲ್ಲ. ಒಂದು ವಾಕ್ಯವಿತ್ತು: “ಸರ್, ಇಲ್ಲಿ ಯಾರಿಗೂ ನನ್ನಿಂದ ಏನೂ ಆಗಬೇಕಾಗಿಲ್ಲ.”

ಇದಕ್ಕೆ ನಮ್ಮಲ್ಲಿ ಸಿದ್ಧವಾದ ಸಮಾಧಾನವೊಂದುಂಟು. ಗಂಡನ ಹಿಂದೆ ಸೀತೆ ಕಾಡಿಗೆ ಹೋಗಲಿಲ್ಲವೆ? ಇವಳು ಹೋದದ್ದು ಬೆಚ್ಚನೆಯ ಮನೆಗೆ, ಕಾಡಿಗಲ್ಲವಲ್ಲ? ಆದರೆ ಈ ಹೋಲಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾಲ್ಮೀಕಿಯ ಸೀತೆಯನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ರಾಮ ಬೇಡವೆಂದ, ಅವಳು ವಾದಿಸಿ ಹೊರಟಳು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಾಡಿನಲ್ಲಿ ರಾಮನಿಗೂ ರಾಜ್ಯವಿರಲಿಲ್ಲ. ಇಬ್ಬರಿಗೂ ಅದೇ ಗೆಡ್ಡೆಗೆಣಸು. ಅರಣ್ಯವಾಸವು ಅವರಿಬ್ಬರನ್ನು ಸಮ ಮಾಡಿತು. ಈಗಿನ ಪ್ರಯಾಣದಲ್ಲಿ ಒಬ್ಬರು ಪಟ್ಟಾಭಿಷೇಕಕ್ಕೂ ಇನ್ನೊಬ್ಬರು ವನವಾಸಕ್ಕೂ ಒಂದೇ ವಿಮಾನದಲ್ಲಿ ಹೊರಡುತ್ತಾರೆ. ಸೀತೆಯ ಹೆಸರು ಹೇಳಿ ಈ ವ್ಯತ್ಯಾಸವನ್ನು ಮುಚ್ಚುವುದು ನ್ಯಾಯವಲ್ಲ.

ಗಂಡನ ಕಡೆಯ ಮಾತನ್ನೂ ಕೇಳಬೇಕು. “ಕಾನೂನು ನಾನು ಮಾಡಿದ್ದೆ? ನಾನು ದುಡಿಯುವುದು ಇಬ್ಬರಿಗಾಗಿಯೇ ಅಲ್ಲವೆ?” ಎಂದು ಅವನು ಕೇಳಿದರೆ ಅದರಲ್ಲಿ ಹುರುಳಿದೆ. ಅವನ ಪಟ್ಟವೂ ಗಟ್ಟಿಯಾದುದಲ್ಲ. ಅವನ ವೀಸಾ ಕೆಲಸ ಕೊಟ್ಟವರ ಹೆಸರಿಗೆ ಕಟ್ಟಿಕೊಂಡಿದೆ. ಕೆಲಸ ಹೋದರೆ 2017ರಿಂದ ಇರುವ ನಿಯಮದಂತೆ ಹೆಚ್ಚೆಂದರೆ 60 ದಿನದ ಅವಕಾಶ; ಅಷ್ಟರೊಳಗೆ ಬೇರೊಂದು ದಾರಿ ಕಾಣದಿದ್ದರೆ ಗಂಟುಮೂಟೆ ಕಟ್ಟಬೇಕು. ಈ ಭಯವನ್ನು ಅವನು ಹೆಂಡತಿಗೆ ಹೇಳುವುದಿಲ್ಲ. ತನ್ನ ಬೇಸರವನ್ನು ಅವಳು ಅವನಿಗೆ ಹೇಳುವುದಿಲ್ಲ. ಭಾನುವಾರ ಇಬ್ಬರೂ ಒಟ್ಟಿಗೆ ಕುಳಿತು ಊರಿನವರಿಗೆ “ನಾವು ಚೆನ್ನಾಗಿದ್ದೇವೆ” ಎನ್ನುತ್ತಾರೆ.

ಹಾಗಾದರೆ ಅವನದು ತಪ್ಪಿಲ್ಲ. ಒಪ್ಪಿದೆ. ಆದರೆ ತಪ್ಪು ಬೇರೆ, ಋಣ ಬೇರೆ. ತಪ್ಪು ಮಾಡಿದವನು ದಂಡ ತೆರುತ್ತಾನೆ. ಋಣವನ್ನು ತೀರಿಸುವವನು ತಪ್ಪೇನೂ ಮಾಡಿರಬೇಕಾಗಿಲ್ಲ, ಪಡೆದುಕೊಂಡಿದ್ದರೆ ಸಾಕು. ‘ಅನ್ನದ ಋಣ’ ಎನ್ನುವಾಗ ನಾವು ಉಂಡವನ ಮೇಲೆ ಅಪರಾಧ ಹೊರಿಸುವುದಿಲ್ಲವಷ್ಟೆ? ಗಂಡ ಪಡೆದದ್ದು ಹೆಂಡತಿಯ ಆಯುಷ್ಯದ ಕೆಲವು ವರ್ಷಗಳನ್ನು. ಅದೂ ಕಲಿತದ್ದು ಕೈಗೆ ಹತ್ತಿ, ಹೆಸರು ಬರುವ ವಯಸ್ಸಿನ ವರ್ಷಗಳನ್ನು. ಇಬ್ಬರೂ ಹೋದದ್ದು ಅವನ ಕಾರಣಕ್ಕಾಗಿ. ಆ ವರ್ಷಗಳ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಬರುವುದಿಲ್ಲವಾದ್ದರಿಂದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತದೆ.

ಇನ್ನೊಂದು ಆಕ್ಷೇಪವಿದೆ. ಹೀಗೆ ಹೋದವರಲ್ಲಿ ಎಷ್ಟೋ ಮಂದಿ ಸುಖವಾಗಿಯೇ ಇದ್ದಾರಲ್ಲ? ನಿಜ. ಅತ್ತೆ ನಾದಿನಿಯರ ಕಣ್ಣಿನಿಂದ ದೂರವಾಗಿ ಅಲ್ಲಿ ಮೊದಲ ಬಾರಿಗೆ ನೆಮ್ಮದಿಯ ಉಸಿರೆಳೆದವರನ್ನು ನಾನೂ ಬಲ್ಲೆ. ದಶಕದ ದುಡಿಮೆಯಿಂದ ದಣಿದು, ಕೆಲವು ವರ್ಷ ಮಗುವನ್ನು ನೋಡಿಕೊಂಡಿರೋಣವೆಂದು ಬಯಸಿ ಹೋದವರಿದ್ದಾರೆ. ಹೆಂಡತಿಯ ಎಚ್-1ಬಿ ಮೇಲೆ ಹೋಗಿ, ನೆಂಟರ ನಗೆಯನ್ನು ಸಹಿಸಿಕೊಂಡು ಸಂತೋಷದಿಂದ ಅಡುಗೆ ಮಾಡುವ ಗಂಡಂದಿರೂ ಇದ್ದಾರೆ. ತಾನಾಗಿ ಆರಿಸಿಕೊಂಡ ವಿಶ್ರಾಂತಿ ವಿಶ್ರಾಂತಿಯೇ. ಬೇರೆಯವರು ಕೂಡಿಸಿದ್ದರಿಂದ ಕುಳಿತದ್ದು ಅದಲ್ಲ. ಎರಡನ್ನೂ ಹೊರಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುತ್ತವೆ. ಒಳಗಿನವರು ಮಾತ್ರ ಬಲ್ಲರು.

ಋಣವನ್ನು ತೀರಿಸುವುದು ಹೇಗೆ? ಒಡವೆಯಿಂದಲ್ಲ, ನಯಾಗರ ತೋರಿಸುವುದರಿಂದಲೂ ಅಲ್ಲ. ಸಂಗಾತಿಗೆ ಆ ಊರಿನಲ್ಲಿ ತನ್ನದೇ ಆದ ಒಂದು ಜಾಗ ದೊರಕುವಂತೆ ಮಾಡಬೇಕು. ಮೊದಲು ಕಾರು ಕಲಿಸುವುದು. ತಾಳ್ಮೆ ಸಾಲದಿದ್ದರೆ ದುಡ್ಡು ಕೊಟ್ಟು ಕಲಿಸುವವರನ್ನು ಹುಡುಕುವುದು. ಅಲ್ಲಿಯ ಊರೂರಿನಲ್ಲಿರುವ ಸಾರ್ವಜನಿಕ ಪುಸ್ತಕಾಲಯಗಳಲ್ಲಿ ಊರಿನವರು ಶುಲ್ಕವಿಲ್ಲದೆ ಸದಸ್ಯರಾಗಬಹುದು. ಕಮ್ಯುನಿಟಿ ಕಾಲೇಜುಗಳಲ್ಲಿ ಮುಂದೆ ಓದಬಹುದು. ಹಲವು ನಗರಗಳಲ್ಲಿ ಕನ್ನಡ ಕೂಟಗಳಿವೆ. ಇವೆಲ್ಲ ಬೇಕಾದವೇ. ಆದರೆ ಇವೆಲ್ಲಕ್ಕಿಂತ ಮೊದಲು ಸಲ್ಲಬೇಕಾದುದು ಒಂದು ಹಕ್ಕು: ‘ಇಲ್ಲಿಯೇ ಇರೋಣವೆ, ಹಿಂದಿರುಗೋಣವೆ?’ ಎಂಬ ಪ್ರಶ್ನೆಯನ್ನು ಎತ್ತುವ ಹಕ್ಕು. ವೀಸಾ ಯಾರ ಹೆಸರಿನಲ್ಲಿದೆಯೋ ಅವರೇ ಆ ಪ್ರಶ್ನೆಗೂ ಒಡೆಯರೆಂದು ತಿಳಿದರೆ ಜೊತೆಗೆ ಬಂದವರು ಸಂಗಾತಿಯಲ್ಲ, ಸಾಮಾನು.

ನನ್ನ ವಿದ್ಯಾರ್ಥಿನಿಯ ರಜೆ ಮುಗಿಯುತ್ತ ಬಂದಾಗ ಕಾಲೇಜಿನಿಂದ ಓಲೆ ಬಂದಿತು: ಬಂದು ಸೇರಬೇಕು, ಇಲ್ಲವೆ ರಾಜೀನಾಮೆ ಕಳುಹಿಸಬೇಕು. ರಾಜೀನಾಮೆಯನ್ನು ಬರೆದಿಟ್ಟು ಗಂಡನಿಗೆ ತೋರಿಸಿದಳಂತೆ. ಅವನು ಅದನ್ನು ಓದಿ, “ಇದನ್ನು ಬರೆಯುವ ಮುಂಚೆ ನಾನು ನಿನ್ನನ್ನು ಕೇಳಬೇಕಾಗಿತ್ತು” ಎಂದನಂತೆ. ಒಂದು ವಾರ ಮಾತಾಡಿದರು, ಜಗಳವಾಡಿದರು. ಕೊನೆಗೆ ಅವಳು ಅಲ್ಲಿಯೇ ಉಳಿದಳು. ಎರಡು ವರ್ಷ ಉಳಿತಾಯ ಮಾಡುವುದಕ್ಕೆ ಬದಲು ಅವಳ ಓದಿಗೆ ಹಣ ಕಟ್ಟುವುದೆಂದೂ, ಮೂರನೆಯ ವರ್ಷ ಇರುವ ಹೋಗುವ ತೀರ್ಮಾನ ಅವಳದೆಂದೂ ಮಾತಾಯಿತು. ಅವಳಿಗೆ ಆದ ನಷ್ಟ ಇದರಿಂದ ತುಂಬಿತೆಂದು ನಾನು ಹೇಳಲಾರೆ. ಮೈಸೂರಿನ ಆ ಕೆಲಸ ಹೋದದ್ದು ಹೋಯಿತು. ಆದರೆ ಬಿಟ್ಟುಕೊಟ್ಟದ್ದನ್ನು ಈ ಬಾರಿ ಅವಳೇ ಬಿಟ್ಟುಕೊಟ್ಟಳು.

ಈ ಋಣದಲ್ಲಿ ಇಲ್ಲಿ ಕುಳಿತಿರುವ ನಮಗೂ ಒಂದು ಪಾಲಿದೆ. ಹೊರದೇಶದ ವರನ ಜಾತಕ ಬಂದಾಗ ನಾವು ಸಂಬಳವನ್ನು ವಿಚಾರಿಸುತ್ತೇವೆ, ಗೋತ್ರವನ್ನು ವಿಚಾರಿಸುತ್ತೇವೆ. ನಮ್ಮ ಹುಡುಗಿ ಹೋಗುವುದು ಯಾವ ವೀಸಾದ ಮೇಲೆ, ಅವಳು ದುಡಿಯಬಲ್ಲಳೆ, ಅದಕ್ಕೆ ಎಷ್ಟು ವರ್ಷ ಕಾಯಬೇಕು ಎಂದು ಎಷ್ಟು ಮಂದಿ ಕೇಳುತ್ತೇವೆ? ಗಂಡಿನ ಕಡೆಯವರು ಇದನ್ನು ತಾವಾಗಿ ಹೇಳುವುದು ಧರ್ಮ. ಅವರು ಹೇಳದಿದ್ದರೆ ಹೆಣ್ಣಿನ ಕಡೆಯವರು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮದುವೆಗೆ ಮುಂಚೆ ಇದು ಅರ್ಧ ಗಂಟೆಯ ಮಾತು. ವಿಮಾನ ಹತ್ತಿದ ಮೇಲೆ ಅದೇ ಮಾತಿಗೆ ವರ್ಷಗಳು ಬೇಕಾಗುತ್ತವೆ.