ಮಾಸ್ತರರ ಮಾತಿಗೊಂದು ಒಡ್ಡು



ಹಿಂದೊಮ್ಮೆ ಗಡಿಭಾಗದ ರೈತರೊಬ್ಬರು ಸಿಟ್ಟಿನಿಂದಲೇ ಮಠಕ್ಕೆ ಬಂದರು. "ಅಪ್ಪಾರ, ಇಂಥವರಿಗೇ ಓಟು ಹಾಕಂತ ನಿಮ್ಮಪ್ಪಗ ಹೇಳು ಅಂತ ಸಾಲಿ ಮಾಸ್ತರು ನನ್ನ ಮಗಗ ಹೇಳ್ಯಾರ. ಇದು ನ್ಯಾಯ ಏನ್ರಿ?" ಎಂದರು. "ಮಾಸ್ತರು ನಿಮ್ಮ ಪಕ್ಷದ ಹೆಸರನ್ನೇ ಹೇಳಿದ್ದರೆ ಇಷ್ಟು ದೂರ ಬರುತ್ತಿದ್ದಿರಾ?" ಎಂದು ನಾವು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟರು. "ಇಲ್ರಿ ಅಪ್ಪಾರ, ಬರ್ತಿರಲಿಲ್ಲ."

ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಟ್ಟ ಅಂಗಡಿ ಬಹಳ ದಿನ ಬಾಳದು. ಮಾಸ್ತರರ ಮಾತನ್ನು ತೂಗುವಾಗಲೂ ಕಲ್ಲು ಒಂದೇ ಇರಬೇಕು.

ಮಾಸ್ತರರೂ ಪ್ರಜೆಯೇ. ಸಂವಿಧಾನದ 19ನೆಯ ವಿಧಿ ಕೊಟ್ಟ ಮಾತಿನ ಹಕ್ಕು ಅವರಿಗೂ ಉಂಟು. ಆದರೆ ಸರ್ಕಾರಿ ನೌಕರರು ರಾಜಕೀಯದಲ್ಲಿ ತೊಡಗಬಾರದೆಂದು ಅವರ ನಡತೆಯ ನಿಯಮಗಳೇ ಹೇಳುತ್ತವೆ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದೆಂದು 28ನೆಯ ವಿಧಿ ಹೇಳುತ್ತದೆ. ಅನುದಾನಿತ ಶಾಲೆಯಲ್ಲೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ.

ಕಾನೂನಿಗಿಂತ ಆಳವಾದ ಕಾರಣವೊಂದಿದೆ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭುಗಳು ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಬಂದು ಸಿದ್ಧರಾಮರ ಕೆಲಸವನ್ನೇ ಪ್ರಶ್ನಿಸಿದರು. ಮಾತು ಬಿರುಸಾಯಿತು. ಆದರೆ ಸಿದ್ಧರಾಮರು ಬೆಳೆದವರು, ಸಾವಿರಾರು ಜನರನ್ನು ನಡೆಸಿದವರು. ಪ್ರಭುಗಳಿಗೆ ಎದುರುತ್ತರ ಕೊಟ್ಟರು, ತಾವೇ ವಿಚಾರಿಸಿದರು, ಮನಗಂಡು ಕಲ್ಯಾಣಕ್ಕೆ ನಡೆದರು. ಹತ್ತು ವರ್ಷದ ಮಗುವಿಗೆ ಆ ಬಲ ಎಲ್ಲಿದೆ? ಎದ್ದು ಹೋಗುವಂತಿಲ್ಲ, ಎದುರಾಡುವಂತಿಲ್ಲ, ಅಂಕಗಳು ಮಾಸ್ತರರ ಕೈಯಲ್ಲಿ. ಸರೀಕರ ನಡುವೆ ಆಡಿದ್ದು ಅಭಿಪ್ರಾಯ. ಅದೇ ಮಾತನ್ನು ತರಗತಿಯಲ್ಲಿ ಆಡಿದರೆ ಮಗುವಿಗೆ ಅದು ಅಪ್ಪಣೆ.

ಹಾಗಾದರೆ ಮಾಸ್ತರರು ಬಾಯಿ ಕಟ್ಟಿಕೊಂಡಿರಬೇಕೇ? ಇಲ್ಲ. ಗ್ರಹಣ ಹೇಗೆ ಹಿಡಿಯುತ್ತದೆಂಬುದು ಅಭಿಪ್ರಾಯವಲ್ಲ, ತಿಳಿವು. ಮನೆಯ ಹಿರಿಯರು ಒಪ್ಪದಿದ್ದರೂ ಅದನ್ನು ಹೇಳಲೇಬೇಕು. ಅಸ್ಪೃಶ್ಯತೆ ಅಪರಾಧವೆಂಬುದೂ ಯಾರದೋ ಸ್ವಂತ ಮಾತಲ್ಲ. ಸಂವಿಧಾನದ 17ನೆಯ ವಿಧಿ ಅದನ್ನು ತೊಡೆದುಹಾಕಿದೆ.

ನಮ್ಮ ಗಡಿಯ ವಿಷಯವನ್ನೇ ನೋಡಿರಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟನ್ನೂ, ಎರಡೂ ಕಡೆಯವರ ವಾದವನ್ನೂ ಹೇಳುವುದು ಪಾಠ. "ನಮ್ಮ ಊರು ಆ ರಾಜ್ಯಕ್ಕೇ ಸೇರಬೇಕು, ಬೇರೆ ಮಾತಾಡುವವರು ದ್ರೋಹಿಗಳು" ಎನ್ನುವುದು ಪಾಠವಲ್ಲ. ಅದನ್ನು ಮರಾಠಿ ಶಾಲೆಯಲ್ಲಿ ಹೇಳಿದರೂ ತಪ್ಪು, ಕನ್ನಡ ಶಾಲೆಯಲ್ಲಿ ಹೇಳಿದರೂ ತಪ್ಪು. ಆ ಬೆಂಚಿನ ಮೇಲೆ ಬೇರೆ ಮನೆಮಾತಿನ ಮಗುವೂ ಕುಳಿತಿರುತ್ತದೆ. ಅದರ ಮೋರೆ ಬಾಡಿದರೆ ಕಲಿಸಿದ್ದೇನು ಬಂತು?

ಮಠಗಳು ನಡೆಸುವ ಶಾಲೆಗಳಿಗೂ ಇದೇ ಅಳತೆ ಎಂದು ನಾವು ಮೊದಲು ನಮಗೇ ಹೇಳಿಕೊಳ್ಳುತ್ತೇವೆ. ಅಲ್ಲಿ ಎಲ್ಲ ಮತದ ಮಕ್ಕಳೂ ಓದುತ್ತಾರೆ. ದೀಕ್ಷೆಯಲ್ಲಿ ಗುರು ಇಷ್ಟಲಿಂಗವನ್ನು ಶಿಷ್ಯನ ಅಂಗೈಗೆ ಕೊಡುತ್ತಾನೆ. ದೃಷ್ಟಿಯಿಟ್ಟು ನೋಡಬೇಕಾದವನು ಶಿಷ್ಯನೇ, ಅವನ ಪರವಾಗಿ ಗುರು ನೋಡಲಾರ. ವಿದ್ಯೆಯೂ ಹಾಗೆಯೇ.

ಒಡ್ಡು ಹಾಕಿದರೆ ಹೊಲ ಕಿರಿದಾಗುವುದಿಲ್ಲ, ಬಿದ್ದ ಮಳೆ ಹೊಲದಲ್ಲೇ ಇಂಗುತ್ತದೆ. ಮಾಸ್ತರರ ಮಾತಿಗೆ ಹಾಕಿದ ಒಡ್ಡೂ ಅಂಥದೇ. ತಪ್ಪು ಕಂಡರೆ ಗದ್ದಲ ಮಾಡದೆ, ಶಾಲೆಗೆ ಹೋಗಿ ಮರ್ಯಾದೆಯಿಂದ ಕೇಳಿರಿ. ನಿಮ್ಮ ಅಭಿಪ್ರಾಯವನ್ನು ಮಾಸ್ತರರ ಬಾಯಿಂದ ಹೇಳಿಸಲು ಹೋಗಬೇಡಿರಿ. ಸಂಜೆ ಮನೆಗೆ ಬಂದ ಮಗುವನ್ನು "ಮಾಸ್ತರು ಏನು ಹೇಳಿದರು?" ಎಂದು ಕೇಳುವುದರ ಜೊತೆಗೆ "ನಿನಗೇನು ಅನ್ನಿಸಿತು?" ಎಂದೂ ಕೇಳಿರಿ. ಆಮೇಲೆ ಅದು ಹೇಳುವುದನ್ನು ತಾಳ್ಮೆಯಿಂದ ಆಲಿಸಿರಿ.